ಗೇಟಿನ ಯಂತ್ರ ಕೂಗಿದ ದಿನ

ನಮ್ಮ ಯಜಮಾನರು ಅಣುಸ್ಥಾವರದ ಲಾಂಡ್ರಿಯಲ್ಲಿ ಮೂವತ್ತು ವರ್ಷ ಬಟ್ಟೆ ಒಗೆದವರು. ಒಳಗೆ ದುಡಿಯೋರ ಬಟ್ಟೆಗೆ ವಿಕಿರಣ ಅಂಟಿದ್ಯಾ ಅಂತ ನೋಡಿ, ಒಗೆದು, ಮತ್ತೆ ನೋಡಿ ಮಡಚಿಡೋದು ಅವರ ಕೆಲಸ. ಮಾತು ಕೇಳಿದ್ರೆ ಮಾತ್ರ ಸುತ್ತಲಿನ ಮನೆಮನೆಗೂ ಇವರೇ ಹೋಗಿ ದೀಪ ಹಚ್ಚಿ ಬಂದ ಹಾಗೆ! "ಈ ಸೀಮೆಯ ಅರ್ಧ ಕರೆಂಟು ನಮ್ಮದು ಕಣೇ. ಹೊಗೆ ಇಲ್ಲ, ಬೂದಿ ಇಲ್ಲ" ಅಂತ ಉಣ್ಣೋಕೆ ಕೂತಾಗಲೆಲ್ಲ ಭಾಷಣ.

ನನಗೋ ಆ ವಿಕಿರಣ ಮನೆಗೂ ಬಂದೀತು ಅಂತ ದಿನಾ ಜೀವ ಬಾಯಿಗೆ ಬರ್ತಿತ್ತು. ಅವರು ಹಿತ್ತಲ ಬಾಗಿಲಿಂದ ಬಂದು, ಸ್ನಾನ ಮಾಡಿ, ಆಮೇಲೇ ಮೊಮ್ಮಗಳನ್ನ ಮುಟ್ಟಬೇಕು. ಅವರ ಬಟ್ಟೆಗೆ ಬೇರೆ ಬಕೆಟ್ಟು. ಮಂಚದಲ್ಲೂ ನಮ್ಮಿಬ್ಬರ ನಡುವೆ ಒಂದು ದಿಂಬು.

"ದಿನಾ ಗೇಟಲ್ಲಿ ವಿಕಿರಣ ಹಿಡಿಯೋ ಯಂತ್ರದೊಳಗೆ ನಿಂತು ಬರ್ತೀನಿ ಮಹಾರಾಯ್ತಿ. ಒಂದು ದಿನಾನೂ ಅದು ಕೂಗಿಲ್ಲ."

"ನಿಮ್ಮ ಯಂತ್ರಕ್ಕೆ ಕಣ್ಣು ಮಂಜಾಗಿರಬೇಕು" ಅಂತಿದ್ದೆ.

ಕೂಗಿತು, ಒಂದು ದಿನ. ಅದೂ ಕೆಲಸ ಮುಗಿಸಿ ಬರುವಾಗಲ್ಲ, ಬೆಳಿಗ್ಗೆ ಒಳಗೆ ಹೋಗುವಾಗ! ಸುರಕ್ಷತಾ ಅಧಿಕಾರಿ ನನಗೇ ಫೋನ್ ಮಾಡಿದರು. "ಅಮ್ಮಾ, ನಿನ್ನೆ ನಿಮ್ಮ ಯಜಮಾನರು ಎಲ್ಲಿಗೆ ಹೋಗಿದ್ರು? ಕೇಳಿದ್ರೆ ಬಾಯಿ ಬಿಡ್ತಿಲ್ಲ."

"ಕನ್ನಡಕ ಮಾಡಿಸೋಕೆ ಪೇಟೆಗೆ."

"ಕನ್ನಡಕದ ಅಂಗಡೀಲಿ ವಿಕಿರಣದ ಔಷಧಿ ಚುಚ್ಚಲ್ಲಮ್ಮ. ಯಂತ್ರ ಅವರ ಮೈಯಲ್ಲಿ ಹಿಡಿದಿದ್ದು ಆಸ್ಪತ್ರೇಲಿ ಹೃದಯದ ಸ್ಕ್ಯಾನಿಗೆ ಚುಚ್ಚೋದು."

ಸ್ಥಾವರದವರ ಬಟ್ಟೆಯನ್ನೆಲ್ಲ ತಪಾಸಣೆ ಮಾಡೋ ಮನುಷ್ಯ, ತನ್ನ ಮೈ ಆ ಗೇಟು ದಾಟಬೇಕು ಅನ್ನೋದನ್ನೇ ಮರೆತಿದ್ದರು.

ಮಧ್ಯಾಹ್ನದೊಳಗೆ ಅವರನ್ನ ಮನೆಗೆ ಕಳಿಸಿದರು. ಎರಡು ತಿಂಗಳಿಂದ ಎದೆನೋವಂತೆ. ಹೃದಯದ ರಕ್ತನಾಳ ಎರಡು ಕಡೆ ಕಟ್ಟಿಕೊಂಡಿದೆಯಂತೆ, ತಡ ಮಾಡಿದ್ರೆ ಜೀವಕ್ಕೇ ಅಪಾಯವಂತೆ.

"ನನಗ್ಯಾಕ್ರೀ ಹೇಳಲಿಲ್ಲ?" ಅಂತ ಕೂಗಾಡಿದೆ.

"ಹೇಳಿದ್ರೆ ನೀನು ನೆಟ್ಟಗೆ ನಮ್ಮ ಸ್ಥಾವರದ ತಲೆಗೇ ಕಟ್ತಿದ್ದೆ."

ತಮ್ಮ ಪ್ರಾಣ ಹೋದ್ರೂ ಸರಿ, ಸ್ಥಾವರದ ಮಾನ ಉಳೀಬೇಕು ನೋಡಿ! ಅಳಬೇಕೋ ನಗಬೇಕೋ ತಿಳೀಲಿಲ್ಲ. ನಾನು ಹಗಲೂ ರಾತ್ರಿ ಬೈದ ಆ ಯಂತ್ರ ಕೂಗದೇ ಇದ್ದಿದ್ರೆ ಇವರು ಇನ್ನೂ ಎಷ್ಟು ದಿನ ಮುಚ್ಚಿಡ್ತಿದ್ರೋ.

ಆಸ್ಪತ್ರೆಯ ಚೀಟಿ ಜೇಬಲ್ಲೇ ಇತ್ತು. ಎರಡು ದಿನ ಮಕ್ಕಳನ್ನ ಎತ್ತಿಕೊಳ್ಳಬಾರದು, ಯಾರಿಗೂ ಅಂಟಿಕೊಂಡು ಕೂರಬಾರದು ಅಂತ ಬರೆದಿತ್ತು. ಮೊಮ್ಮಗಳನ್ನ ಪಕ್ಕದ ಮನೆಗೆ ಕಳಿಸಿದೆ. ಅವರು ಎಂದಿನಂತೆ ಸ್ನಾನಕ್ಕೆ ಹಿತ್ತಲ ಕಡೆ ಹೊರಟರು. ಕೈ ಹಿಡಿದು ಮಂಚದ ಮೇಲೆ ಕೂರಿಸಿದೆ.

"ದೂರ ಕೂತ್ಕೋ. ಈಗ ಮೈಯಲ್ಲಿ ನಿಜವಾಗ್ಲೂ ವಿಕಿರಣ ಇದೆ ಕಣೇ."

"ಇರಲಿ ಬಿಡಿ" ಅಂದೆ. ನಡುವಿನ ದಿಂಬು ತೆಗೆದು ಅವರ ಬೆನ್ನಿಗೆ ಕೊಟ್ಟು, ಪಕ್ಕದಲ್ಲೇ ಕೂತೆ.