ಕಾಶೀಂಬಿಯ ಮುಖಕ್ಕೆ ಎಷ್ಟು ಬೆಳಕು

ರೋಣದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬಾಷಾಸಾಬನ ಫೋಟೋ ಸ್ಟುಡಿಯೋ. ಅದರ ಗೋಡೆಗೆ ಗೋಡೆ ಹಚ್ಚಿಕೊಂಡು ನನ್ನ ಹೊಲಿಗೆ ಅಂಗಡಿ. ಸ್ಟುಡಿಯೋಗೆ ಬೀಗ ಬಿದ್ದು ಎಷ್ಟೋ ವರ್ಷವಾಯಿತು, ನನ್ನ ಮಷೀನು ಇನ್ನೂ ಓಡುತ್ತಿದೆ. ಊರಿನವರು ಅವನನ್ನು ಈಗಲೂ ಹೊಗಳುತ್ತಾರೆ. ಮೀಟರು ಗೀಟರು ಇಲ್ಲದೆ ಬರೀ ಕಣ್ಣಿನಿಂದ ಬೆಳಕು ಅಳೆಯುತ್ತಿದ್ದನಂತೆ. ಹೊಗಳಲಿ, ನನ್ನ ಗಂಟೇನು ಹೋಗುತ್ತದೆ. ಆದರೆ ಆ ಕಣ್ಣು ಅವನಿಗೆ ಹೇಗೆ ಬಂತು ಎಂಬುದನ್ನು ಪಕ್ಕದಲ್ಲೇ ಕೂತು ನೋಡಿದವಳು ನಾನು. ನನ್ನ ಮುಂದೆ ಯಾರಾದರೂ ಆ ಮಾತು ತೆಗೆದರೆ ಮೈಯೆಲ್ಲ ಉರಿಯುತ್ತದೆ.

ಅವನು ಕೆಲಸ ಕಲಿತದ್ದು ಗಜೇಂದ್ರಗಡದ ಲಕ್ಷ್ಮಪ್ಪ ಮಾಸ್ತರರ ಹತ್ತಿರ. ಕ್ಯಾಮೆರಾ ಹಳೆಯದು, ರೀಲು ಹಾಕುವಂಥದ್ದು. ಬೆಳಕು ಎಷ್ಟಿದೆ ಎಂದು ತಾನಾಗಿ ಹೇಳುವ ಬುದ್ಧಿ ಅದಕ್ಕಿರಲಿಲ್ಲ. ಲೆನ್ಸಿನ ಕಿಂಡಿಯನ್ನು ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆಯಬೇಕು ಎಂಬುದೆಲ್ಲ ತೆಗೆಯುವವನ ಅಂದಾಜು. ಅಂದಾಜು ತಪ್ಪಿದ್ದು ರೀಲು ತೊಳೆದ ಮೇಲೆಯೇ ಗೊತ್ತಾಗುವುದು. ಫಿಲ್ಮಿನ ಡಬ್ಬಿಯ ಮೇಲೆ ಸೂರ್ಯ, ಮೋಡಗಳ ಚಿತ್ರ ಹಾಕಿ, ಇಂಥ ಬಿಸಿಲಿಗೆ ಕಿಂಡಿ ಇಷ್ಟಿರಲಿ ಎಂದು ಅಚ್ಚು ಮಾಡಿರುತ್ತಿದ್ದರು. ಸುಡು ಬಿಸಿಲಿಗೆ ಹದಿನಾರು. ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು.

ಬಾಷಾಸಾಬ ಡಬ್ಬಿಯನ್ನೇ ನಂಬಿ ಬೆಳವಣಕಿಯ ಮದುವೆಯೊಂದಕ್ಕೆ ಹೋದ. ಬೀಗರನ್ನೆಲ್ಲ ಎರಿಹೊಲದ ಬದುವಿನ ಮೇಲೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದ. ಧೋತರ ಬಂತು, ರುಮಾಲು ಬಂತು, ಮುಖಗಳು ಮಾತ್ರ ಬರಲಿಲ್ಲ. ಮದುಮಗನ ಅಪ್ಪ ಸ್ಟುಡಿಯೋ ಬಾಗಿಲಲ್ಲಿ ನಿಂತು, "ಏನಪಾ, ನಮ್ಮ ಹುಡುಗನ ಮಾರಿಗೆ ಮಸಿ ಬಳದು ಕೊಟ್ಟೀಯಲ್ಲ" ಎಂದು ಆಲ್ಬಮ್ಮನ್ನು ಒಳಗೆ ಎಸೆದು ಹೋದ.

ಲಕ್ಷ್ಮಪ್ಪ ಮಾಸ್ತರರು ಫೋಟೋಗಳನ್ನು ನೋಡಿ ನಕ್ಕರಂತೆ. "ಡಬ್ಬಿ ಮ್ಯಾಲ ಬರದವ್ರು ನಮ್ಮ ಮಂದಿ ಮಾರಿ ನೋಡಿಲ್ಲಪಾ. ನಮ್ಮ ಬಣ್ಣಕ್ಕ ಕಿಂಡಿ ಇನ್ನಷ್ಟು ತಗೀಬೇಕು. ಎಷ್ಟು ಅನ್ನೂದನ್ನ ಮನ್ಯಾಗ ಕಲಿ, ಮಂದಿ ಮದುವ್ಯಾಗ ಅಲ್ಲ" ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. "ಕೆಟ್ಟ ನೆಗೆಟಿವ್ ಇಟ್ಕೋ, ದಿನಾ ನೋಡು. ಚಲೋ ಬಂದದ್ದು ಒಗದ್ಬಿಡು. ಅದನ್ನ ನೋಡ್ಕೋತ ಕುಂತ್ರ ಸೊಕ್ಕ ಬರತೈತಿ" ಎಂದೂ ಹೇಳಿದರು. ಬಾಷಾಸಾಬ ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡು ಬಂದ.

ಮನೆಯಲ್ಲಿ ಕಲಿಯಲು ಇದ್ದ ಮುಖ ಯಾವುದು? ಹೆಂಡತಿ ಕಾಶೀಂಬಿಯದು. ಅಬ್ಬಿಗೇರಿಯ ಹುಡುಗಿ, ಎಣ್ಣೆಗಪ್ಪು ಬಣ್ಣ, ಆಗಿನ್ನೂ ಮದುವೆಯ ಹೊಸತು. ಗಿರಾಕಿಗಳ ರೀಲಿನ ಕೊನೆಗೆ ಒಂದೋ ಎರಡೋ ಫೋಟೋ ಉಳಿದರೆ ಅವಳನ್ನು ಕರೆಯುತ್ತಿದ್ದ. ನಡು ಮಧ್ಯಾಹ್ನ ಮಾಳಿಗೆಯ ಮೇಲೆ, ಬೇವಿನ ನೆರಳಲ್ಲಿ, ಬೆನ್ನಿಗೆ ಬಿಸಿಲು ಬೀಳುವ ಹಾಗೆ ಬಾಗಿಲಲ್ಲಿ, ಎಲ್ಲಿ ಬೆಳಕು ಕಷ್ಟವೋ ಅಲ್ಲಿ ಅವಳನ್ನು ನಿಲ್ಲಿಸುತ್ತಿದ್ದ. ಪಾಪ, ಅವಳು ಫೋಟೋ ಎಂದರೆ ಫೋಟೋ ಎಂದೇ ತಿಳಿದವಳು. ತಲೆ ಬಾಚಿಕೊಂಡು ಬರಲು ಒಳಗೆ ಓಡುತ್ತಿದ್ದಳು.

"ಏ, ಹಂಗ ನಿಂದ್ರು. ಇದು ನಿನ್ನ ಫೋಟೋ ಅಲ್ಲ, ಬೆಳಕಿಂದು" ಎಂದು ಅವನು ಗದರಿಸಿದ್ದನ್ನು ನಾನು ಈ ಕಿವಿಯಿಂದ ಕೇಳಿದ್ದೇನೆ.

ಪ್ರಿಂಟು ಹಾಕಿಕೊಡು ಎಂದು ಅವಳು ಬೇಡಿದರೆ, ಕಾಗದ ಇರುವುದು ಗಿರಾಕಿಗಳಿಗೆ ಎಂದ. ಒಮ್ಮೆ ತೊಳೆದು ಒಣಹಾಕಿದ ನೆಗೆಟಿವ್ ಒಂದನ್ನು ಸೆರಗಲ್ಲಿ ಮುಚ್ಚಿಕೊಂಡು ನನ್ನ ಅಂಗಡಿಗೆ ತಂದು ಬಿಸಿಲಿಗೆ ಹಿಡಿದಳು. "ನೋಡ್ರಿ ನಿರ್ಮಲಕ್ಕ, ಕೂದಲ ಬೆಳ್ಳಗ, ಹಲ್ಲ ಕರ್ರಗ. ಮುದುಕಿ ಆಗೀನಿ" ಎಂದು ಬಿದ್ದು ಬಿದ್ದು ನಕ್ಕಳು. ತನ್ನ ಫೋಟೋ ಎಂದು ಅವಳು ಕಂಡದ್ದು ಅಷ್ಟೇ. ಅದು ಚೆನ್ನಾಗಿ ಬಂದ ನೆಗೆಟಿವ್ ಆಗಿತ್ತು, ಆದ್ದರಿಂದ ಮರುದಿನ ಒಲೆಗೆ ಹೋಯಿತು.

ಕೆಟ್ಟದ್ದು ಎಂದರೆ ಅವನ ಲೆಕ್ಕದಲ್ಲಿ ಬೆಳಕು ಸಾಲದೆ ತೆಳುವಾಗಿ ಬಂದದ್ದು. ಬೆಳಕು ಹೆಚ್ಚಾಗಿ ದಪ್ಪಗೆ ಬಂದ ನೆಗೆಟಿವನ್ನು ಹೇಗಾದರೂ ಮಾಡಿ ಪ್ರಿಂಟು ತೆಗೆಯಬಹುದಂತೆ. ತೆಳುವಾದದ್ದರಲ್ಲಿ ಮುಖವೇ ಇರುವುದಿಲ್ಲವಂತೆ, ಇಲ್ಲದ್ದನ್ನು ಎಲ್ಲಿಂದ ತರುವುದು. ಅಂಥವನ್ನೇ ಆರಿಸಿ ತಗಡಿನ ಡಬ್ಬಿಯಲ್ಲಿ ಇಟ್ಟು ದಿನಾ ಬೆಳಿಗ್ಗೆ ಕಿಟಕಿಗೆ ಹಿಡಿದು ನೋಡುತ್ತಿದ್ದ. ಕಲಿತ, ಇಲ್ಲ ಎನ್ನುವುದಿಲ್ಲ. ಅಂಗೈಯನ್ನು ಬಿಸಿಲಿಗೆ ಒಡ್ಡಿ ಒಮ್ಮೆ ನೋಡಿದರೆ ಸಾಕು, ಅಂಕಿ ಹೇಳುತ್ತಿದ್ದ. ಕಲಿತ ಮೇಲೆ ಹೆಂಡತಿಯ ಕಡೆಗೆ ಕ್ಯಾಮೆರಾ ತಿರುಗಿಸಲಿಲ್ಲ.

ಮಗಳು ಗುಲ್ಷನ ಇನ್ನೂ ಗೋಡೆ ಹಿಡಿದು ನಡೆಯುವಾಗ ಕಾಶೀಂಬಿಗೆ ಜ್ವರ ಬಂತು. ದವಾಖಾನೆಯಿಂದ ಅವಳು ತಿರುಗಿ ಬರಲಿಲ್ಲ. ನಮ್ಮವರಲ್ಲಾದರೆ ಸತ್ತವರನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಬಳಿದು ಕಡೆಯದೊಂದು ಫೋಟೋ ತೆಗೆಸುತ್ತೇವೆ. ಅಂಥ ಫೋಟೋ ಬಾಷಾಸಾಬನೇ ಊರೂರು ತಿರುಗಿ ತೆಗೆದಿದ್ದಾನೆ. ಅವರ ಮನೆಯಲ್ಲಿ ಆ ರೂಢಿ ಇಲ್ಲ. ಗುಲ್ಷನಳನ್ನು ನರಗುಂದದ ಸೋದರತ್ತೆ ಕರೆದುಕೊಂಡು ಹೋಗಿ ಬೆಳೆಸಿದಳು.

ಆ ಗುಲ್ಷನ ಈಗ ಮಗಳ ಮದುವೆ ಮಾಡುವಷ್ಟು ದೊಡ್ಡವಳು. ತಾಯಿಯ ಮುಖ ಒಮ್ಮೆ ನೋಡಬೇಕೆಂಬ ಹಂಬಲ ಅವಳನ್ನು ಬಿಟ್ಟಿರಲಿಲ್ಲ. ಹೋದ ತಿಂಗಳು ಬಂದು ಕೇಳಿದಾಗ ಬಾಷಾಸಾಬ ನೆಗೆಟಿವ್‌ಗಳ ಆ ತಗಡಿನ ಡಬ್ಬಿಯನ್ನು ಕೊಟ್ಟ. "ತಗೋ, ಎಲ್ಲಾ ನಿಮ್ಮ ಅಮ್ಮಿವು" ಎಂದನಂತೆ, ದೊಡ್ಡ ದಾನ ಮಾಡಿದವನ ಹಾಗೆ. ಅವಳು ಡಬ್ಬಿಯನ್ನು ಎದೆಗವುಚಿಕೊಂಡು ನರಗುಂದಕ್ಕೆ ಹೋಗಿ ಕಂಪ್ಯೂಟರಿನ ಫೋಟೋ ಅಂಗಡಿಗೆ ಕೊಟ್ಟಳು.

ಮೊನ್ನೆ ತಿರುಗಿ ಬಂದವಳು ನನ್ನ ಅಂಗಡಿಯಲ್ಲೇ ಕೂತು ಅಪ್ಪನನ್ನು ಕರೆಸಿದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಪ್ರಿಂಟುಗಳನ್ನು ಹರವಿದಳು. ಬಾಗಿಲಾಚೆಯ ಬೇವಿನ ಎಲೆ ಎಲೆಯೂ ಬಂದಿದೆ. ಸುಣ್ಣದ ಗೋಡೆ ಬಂದಿದೆ, ಸೀರೆಯ ಅಂಚು, ಗಾಜಿನ ಬಳೆಯ ಹೊಳಪು ಬಂದಿದೆ. ಮುಖದ ಜಾಗದಲ್ಲಿ ಬರೀ ಕಪ್ಪು.

"ಒಂದರ ಚಲೋ ಬಂದಿದ್ದಿಲ್ಲೇನು ಅಬ್ಬಾ?"

"ಬಂದಿದ್ವು. ಭಾಳ ಬಂದಿದ್ವು. ಸುಟ್ಟೆ."

"ಎದಕ್ಕ?"

"ಚಲೋ ಬಂದದ್ರಾಗ ಕಲಿಯೂದು ಏನಿರತೈತಿ?" ಎಂದ. ಖರೇ ಹೇಳುತ್ತೇನೆ, ಕೈಯಲ್ಲಿದ್ದ ಕತ್ತರಿಯನ್ನು ಅವನ ಮೇಲೆ ಒಗೆಯಬೇಕೆನಿಸಿತು.

ಗುಲ್ಷನ ಅಳಲಿಲ್ಲ. "ಅಂಗಡಿಯಾಂವ ನನ್ನ ಮಾರಿನ ಇಲ್ಲಿ ಕುಂದ್ರಿಸಿ ಕೊಡ್ತೀನಿ ಅಂದ. ನನಗ ನನ್ನ ಮಾರಿ ಬ್ಯಾಡ ಅಬ್ಬಾ. ಹೋಗ್ಲಿ, ನೀವ ಬಾಯಿಲೇ ಹೇಳ್ರಿ. ಅಮ್ಮಿ ಕಣ್ಣು ಹ್ಯಾಂಗಿದ್ವು?"

ಬಾಷಾಸಾಬ ಕಣ್ಣು ಮುಚ್ಚಿದ. "ಬಾಗಲದಾಗ ನಿಂತ್ರ ಕಿಂಡಿ ಐದೂವರೆ ಇಡಬೇಕಾಗತಿತ್ತು. ಮಾಳಿಗಿ ಮ್ಯಾಲಾದ್ರ ಎಂಟು. ಎಂಟಕ್ಕ ಕಣ್ಣಿನ ಕೆಳಗಿನ ನೆರಳು ಹೋಗತಿತ್ತು" ಎಂದ.

"ಬೆಳಕ ಕೇಳಲಿಲ್ಲ ನಾ. ಕಣ್ಣ ಕೇಳೀನಿ."

ಅವನು ಮೇಜಿನ ಮೇಲಿನ ಪ್ರಿಂಟೊಂದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದ. ಆ ಹುಡುಗಿ ಅಪ್ಪನ ಬಾಯನ್ನೇ ನೋಡುತ್ತ ಕೂತದ್ದನ್ನು ನನಗೆ ತಡೆಯಲಾಗಲಿಲ್ಲ.

"ನಾ ಹೇಳ್ತೀನಿ ಬಾರವಾ" ಎಂದು ಅವಳ ಕೈ ಹಿಡಿದೆ. "ದೊಡ್ಡ ಕಣ್ಣು ನಿಮ್ಮವ್ವನವು. ಒಂದು ಕಣ್ಣಿನ ರೆಪ್ಪಿ ಒಂಚೂರು ಇಳಿದಿತ್ತು. ನಗುವಾಗ ಅದೊಂದ ಕಣ್ಣು ಪೂರಾ ಮುಚ್ಚತಿತ್ತು, ಇನ್ನೊಂದು ತೆರದ ಇರತಿತ್ತು. ನಾವು ಚ್ಯಾಷ್ಟಿ ಮಾಡಿದ್ರ ಇನ್ನಷ್ಟು ನಗತಿದ್ಳು."

ಗುಲ್ಷನಳಿಗಿಂತ ಹೆಚ್ಚಾಗಿ ಮುಂದಕ್ಕೆ ಬಾಗಿ ಕೇಳುತ್ತಿದ್ದವನು ಬಾಷಾಸಾಬ. ನಾನು ಮಾತು ನಿಲ್ಲಿಸಿದ ಮೇಲೂ ಹಾಗೆಯೇ ಇದ್ದ. ಆಮೇಲೆ ಮೆಲ್ಲಗೆ ಕೇಳಿದ:

"ಯಾವ ಕಣ್ಣಂದ್ರಿ, ಅಕ್ಕಾರ?"