ಸ್ವೆಟರ್ ತೊಟ್ಟ ವೆಂಕಟಸುಬ್ಬಯ್ಯ

ಭಾಂಡುಪ್‌ನ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ವೆಂಕಟಸುಬ್ಬಯ್ಯನವರು ಮುಂಬಯಿಯ ಮೇ ತಿಂಗಳಲ್ಲೂ ಸ್ವೆಟರ್ ತೊಡುವ ಏಕೈಕ ಮನುಷ್ಯ. ಅವರ ಏಸಿ ರೂಮಿಗೆ ಯಾರಾದರೂ ಚಪ್ಪಲಿ ಬಿಡದೆ ಕಾಲಿಟ್ಟರೆ ದೇವರ ಮನೆಯೇ ಮೈಲಿಗೆಯಾಯಿತೆನ್ನುವಂತೆ ಕೂಗಾಡುತ್ತಾರೆ. ಕಾರ್ಮಿಕರು ಗೇಟಿನಲ್ಲಿ ಬಂದುಹೋದ ದಾಖಲೆಯೆಲ್ಲ ಬೀರುವಿನಷ್ಟು ದೊಡ್ಡದಾದ ಆ ಯಂತ್ರದೊಳಗಿದೆ. ಕರೆಂಟು ಹೋದಾಗಲೆಲ್ಲ ಯಾವ ದಾಖಲೆ ಎಲ್ಲಿದೆಯೆಂದು ತೋರಿಸುವ ಅದರ ಇಂಡೆಕ್ಸ್ ಕೆಟ್ಟು, ಯಾರ ಹೆಸರು ಹುಡುಕಿದರೂ ಸಿಗುವುದಿಲ್ಲ. "ಡೇಟಾ ಎಲ್ಲೂ ಓಡಿಹೋಗಿಲ್ಲ ಕಣ್ರೀ, ದಾರಿ ತಪ್ಪಿದೆ ಅಷ್ಟೆ" ಎನ್ನುತ್ತ ಮೊದಲ ದಾಖಲೆಯಿಂದ ಮತ್ತೆ ಇಂಡೆಕ್ಸ್ ಕಟ್ಟಲು ಕೂರುತ್ತಾರೆ. ಆಗ ಚಹಾ ಕೊಟ್ಟರೂ ಬೈಗುಳ, ಕೊಡದಿದ್ದರೂ ಬೈಗುಳ. ಕೆಟ್ಟ ದಾಖಲೆ ಕಂಡರೆ ಒಂದಿಷ್ಟೂ ಮುಲಾಜಿಲ್ಲದೆ ಅಳಿಸಿಹಾಕುತ್ತಾರೆ, ಒಂದನ್ನು ಬಿಟ್ಟು. ಬಾಯ್ಲರ್ ಕೆಲಸದ ಐತನ ಆ ದಾಖಲೆ ಬಂದಾಗಲೆಲ್ಲ ಯಂತ್ರ ತಕರಾರು ತೆಗೆದು ನಿಂತುಬಿಡುತ್ತದೆ: ಒಳಗೆ ಬಂದದ್ದಿದೆ, ಹೊರಗೆ ಹೋದದ್ದಿಲ್ಲ. "ಅರೆ, ಪ್ರತಿಸಲ ಇದೇ ಗಲಾಟೆ! ಡಿಲೀಟ್ ಮಾಡ್ರೀ, ಇಲ್ಲಾ ಯಾವುದಾದರೂ ಔಟ್ ಟೈಮ್ ಹಾಕಿ ಮುಗಿಸಿ" ಎಂದು ಮ್ಯಾನೇಜರ್ ಜಯಸಿಂಹ ಒಮ್ಮೆ ಬೂಟುಗಾಲಲ್ಲೇ ಒಳಗೆ ನುಗ್ಗಿದರು. ವೆಂಕಟಸುಬ್ಬಯ್ಯನವರು ಆ ಬೂಟಿನ ಕಡೆ ನೋಡಲೂ ಇಲ್ಲ, ದನಿಯನ್ನೂ ಏರಿಸಲಿಲ್ಲ. "ಈ ದಾಖಲೆ ಕೆಟ್ಟಿಲ್ಲ ಸಾರ್," ಎಂದರು. "ಬಾಯ್ಲರ್ ಸಿಡಿದ ದಿನ ಅವನು ಹೊರಗೆ ಹೋಗಲೇ ಇಲ್ಲ."