ನೀರು ಅಂದರೆ ನೀರಾ ಅಲ್ಲ

ಶಾಲೆಯಿಂದ ಫೋನ್ ಬಂದಾಗ ಪುಣೆಯ ಮಗರಪಟ್ಟಾದ ಆಫೀಸಿನಲ್ಲಿದ್ದೆ. ಮಗಳು ತನ್ನ ಕೈ ತಾನೇ ಕಚ್ಚಿಕೊಂಡಿದ್ದಾಳೆ, ಕರೆದೊಯ್ಯಿರಿ ಅಂದರು.

ಅವಳಿಗೆ ಏಳು ವರ್ಷ, ಆಟಿಸಂ ಇದೆ. ಕೇಳಿದ ಮಾತನ್ನು ಕೇಳಿದ ಹಾಗೆಯೇ ತಿರುಗಿ ಹೇಳುತ್ತಾಳೆ. ನನ್ನ ಅವ್ವ ಲೋಟ ಹಿಡಿದು "ನೀರ ಬೇಕೇನವಾ?" ಅನ್ನುತ್ತಾಳಲ್ಲ, ಬಾಯಾರಿದಾಗ ಮಗಳೂ ಅದನ್ನೇ ಅನ್ನುತ್ತಾಳೆ. ಅಡ್ಮಿಷನ್ ದಿನವೇ ಇದನ್ನು ಬಿಡಿಸಿ ಹೇಳಿದ್ದೆ. ಎಲ್ಲರೂ ತಲೆಯಾಡಿಸಿದ್ದರು.

ಟೀಚರ್ ನಗುತ್ತಲೇ ಎದುರಾದರು. "ಅಹೋ, ತುಮಚಿ ಮುಲಗಿ ಸಕಾಳಪಾಸೂನ್ ನೀರಾ ಮಾಗತೇಯ್!" ಪುಣೆಯಲ್ಲಿ ನೀರಾ ಅಂದರೆ ರಸ್ತೆ ಬದಿ ಮಾರುವ ಶಿಂದಿ ಮರದ ರಸ. ಬೆಳಗಿನಿಂದ ಅದನ್ನೇ ಕೇಳುತ್ತಿದ್ದಾಳೆಂದು ತರಗತಿಯೆಲ್ಲ ನಕ್ಕಿದೆ. ಅವಳ ನೀರಿನ ಬಾಟಲಿ ಕಪಾಟಿನಲ್ಲೇ ಇತ್ತು, ತುಂಬಿದ್ದು ತುಂಬಿದ ಹಾಗೆ.

ಮುಖ್ಯೋಪಾಧ್ಯಾಯಿನಿ ಕ್ಷಮೆ ಕೇಳಲಿಲ್ಲ. ಮನೆಯಲ್ಲಿ ಕನ್ನಡ ಬಿಡಿ, ಗೊಂದಲವಾಗುತ್ತದೆ, ಇಲ್ಲವಾದರೆ ಮುಂದಿನ ವರ್ಷ ಇಲ್ಲಿ ಇಟ್ಟುಕೊಳ್ಳುವುದು ಕಷ್ಟ ಅಂದರು. ಮನೆಮಾತು ಬಿಡಬೇಡಿ ಅಂತ ಥೆರಪಿಸ್ಟ್ ಹೇಳಿದ್ದನ್ನು ಹೇಳಿದೆ. ಗಡಿಯಾರ ನೋಡಿಕೊಂಡರು.

ಮನೆಗೆ ಬಂದು ಸಿಟ್ಟಿನಲ್ಲಿ ಎಲ್ಲವನ್ನೂ ಅವ್ವನ ಮುಂದೆ ಒದರಿದೆ. ಮರುದಿನ ಅವ್ವ ತುಟಿ ಬಿಗಿದು ಸುಮ್ಮನೆ ಲೋಟ ಹಿಡಿದಳು. ಮಗಳು ಮುಟ್ಟಲಿಲ್ಲ. ಆ ಮಾತಿಗಾಗಿ ಕಾದಳು, ಕಾದಳು, ಕೊನೆಗೆ ಕೈ ಬಾಯಿಗೆ ಒಯ್ದಳು.

"ಮಾತಾಡಬೇ!" ಅಂತ ಕೂಗಿದೆ.

"ನನ್ನ ಮಾತಿನಿಂದನ ಕೂಸಿಗಿ ಹಿಂಗ ಆಗೇದಂತ. ಕಲ್ತವ್ರು ಸುಳ್ಳ ಹೇಳ್ತಾರೇನ?"

"ಕಲ್ತವ್ರಿಗೆ ನೀರು ಅಂದ್ರ ಏನಂತ ಗೊತ್ತಿಲ್ಲ!"

ಓದಿದವರ ಮುಂದೆ ಬಾಯಿ ಮುಚ್ಚಿಕೊಂಡೇ ನಮ್ಮ ಮನೆತನ ಬದುಕಿತ್ತು. ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಅದಕ್ಕಾಗಿ ಅಪ್ಪನ ಜೊತೆ ಜಗಳಾಡಿದ್ದೇನೆ, ಬಂದ ಸಂಬಂಧಗಳನ್ನು ವಾಪಸು ಕಳಿಸಿದ್ದೇನೆ. ಬಾಯಿ ಮುಚ್ಚಲು ಓದಿದ್ದಲ್ಲ.

ಅದೇ ಬೆಳಿಗ್ಗೆ ಟೀಚರ್ ಮೇಜಿನ ಮೇಲೆ ಬಾಟಲಿ ಇಟ್ಟು ಮರಾಠಿಯಲ್ಲೇ ಹೇಳಿದೆ: "ನೀರು ಅಂದರೆ ಪಾಣಿ. ನೀವೂ ಹೇಳಿ."

"ಎಲ್ಲ ಮಕ್ಕಳ ಭಾಷೆ ನಾವು ಕಲಿಯೋಕಾಗುತ್ತಾ?"

"ನಿಮ್ಮ ಭಾಷೆ ನಾನು ಇಪ್ಪತ್ತೈದು ದಾಟಿದ ಮೇಲೆ ಕಲಿತೆ. ನೀವು ಒಂದು ಶಬ್ದ ಕಲಿಯಿರಿ."

"ನೀರು," ಅಂದರು, ಕಹಿ ಗುಳಿಗೆ ನುಂಗಿದ ಮುಖ ಮಾಡಿ. ಬಾಟಲಿ ಈಗ ಮೇಜಿನ ಮೇಲಿರುತ್ತದೆ. ಮುಂದಿನ ವರ್ಷದ ಮಾತನ್ನು ಮುಖ್ಯೋಪಾಧ್ಯಾಯಿನಿ ಇನ್ನೂ ಮತ್ತೆ ಎತ್ತಿಲ್ಲ. ತೆಗೆದುಹಾಕಿದರೆ ಹಾಕಲಿ, ಬೇರೆ ಶಾಲೆ ಹುಡುಕುತ್ತೇನೆ. ಅವ್ವನ ಬಾಯಿ ಮಾತ್ರ ಮುಚ್ಚಿಸುವುದಿಲ್ಲ.